ತಂತಿ, ದಿಕ್ಸೂಚಿ ಮತ್ತು 780 ರೂಪಾಯಿಯ ಒಂದು ಪ್ರಯೋಗ ಪೆಟ್ಟಿಗೆ

ನಾನು ತುಮಕೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳನ್ನು ಕುರಿತ ಹತ್ತನೇ ತರಗತಿಯ ಅಧ್ಯಾಯಕ್ಕೆ ಇಷ್ಟು ವರ್ಷ ಒಂದು ತುಂಡು ತಂತಿ, ಎರಡು ಟಾರ್ಚ್ ಸೆಲ್ಲು ಮತ್ತು ಶಾಲೆಯ ಬೀರುವಿನಲ್ಲಿದ್ದ ಒಂದೇ ಒಂದು ದಿಕ್ಸೂಚಿಯನ್ನು ಇಟ್ಟುಕೊಂಡು ಪಾಠ ಮಾಡಿದ್ದೆ. ತಂತಿಯನ್ನು ಕೈಯಲ್ಲಿ ಹಿಡಿದು ತೋರಿಸುವಾಗ ಕೈ ಅಲುಗುತ್ತದೆ, ಸೂಜಿ ಅಲುಗಿದ್ದು ಪ್ರವಾಹದಿಂದಲೋ ಮೇಷ್ಟರ ಕೈಯಿಂದಲೋ ಎಂಬ ಅನುಮಾನ ಮಕ್ಕಳಲ್ಲಿ ಉಳಿಯುತ್ತದೆ. ಆ ಅನುಮಾನ ಉಳಿಯಬಾರದೆಂದು ಈ ವರ್ಷ ಬೆಂಗಳೂರಿನ ಒಂದು ಅಂಗಡಿಯಿಂದ, ಸಾಗಾಣಿಕೆ ವೆಚ್ಚವೂ ಸೇರಿ 780 ರೂಪಾಯಿಗೆ, ಈ ವಿಷಯಕ್ಕೆಂದೇ ತಯಾರಿಸಿದ ಪ್ರಯೋಗ ಪೆಟ್ಟಿಗೆಯೊಂದನ್ನು ತರಿಸಿಕೊಂಡೆ. ಇದೇ ವಿನ್ಯಾಸದ ಪೆಟ್ಟಿಗೆಗಳು ಬೇರೆ ಬೇರೆ ಚೀಟಿಗಳನ್ನು ಅಂಟಿಸಿಕೊಂಡು ಹಲವು ಕಡೆ ಮಾರಾಟವಾಗುತ್ತಿರುವುದನ್ನು ನೋಡಿದ್ದೇನೆ. ಆದ್ದರಿಂದ ತಯಾರಕರ ಹೆಸರನ್ನು ಬರೆಯದೆ, ಒಳಗಿರುವ ವಸ್ತುಗಳನ್ನು ವಿವರಿಸುತ್ತೇನೆ. ಕೊಳ್ಳುವವರಿಗೆ ಗುರುತು ಹಿಡಿಯಲು ಅಷ್ಟು ಸಾಕು.

ಪೆಟ್ಟಿಗೆಯಲ್ಲಿ ಇರುವುದು ಇಷ್ಟು: ಒಂದು ಮರದ ಹಲಗೆ, ಅದರ ಎರಡು ತುದಿಗಳಲ್ಲಿ ನಿಲ್ಲಿಸಿದ ಹಿತ್ತಾಳೆಯ ಕಂಬಗಳು, ಆ ಕಂಬಗಳ ನಡುವೆ ಬಿಗಿಯುವ 20 ಸೆಂಟಿಮೀಟರ್ ಉದ್ದದ ದಪ್ಪ ತಾಮ್ರದ ತಂತಿ, ನಡುವೆ ದಿಕ್ಸೂಚಿ ಇಡಲು ಒಂದು ಪುಟ್ಟ ಪೀಠ. ಕಂಬಗಳಲ್ಲಿ ಮೂರು ಎತ್ತರಗಳಲ್ಲಿ ಕಚ್ಚುಗಳಿವೆ. ತಂತಿಯನ್ನು ಸೂಜಿಯಿಂದ ಸುಮಾರು 1, 2 ಅಥವಾ 3 ಸೆಂಟಿಮೀಟರ್ ಮೇಲೆ ನಿಲ್ಲಿಸಬಹುದು. ಇದರೊಂದಿಗೆ 2 ಸೆಂಟಿಮೀಟರ್ ಅಗಲದ ನಾಲ್ಕು ದಿಕ್ಸೂಚಿಗಳು, ಎರಡು ದೊಡ್ಡ ಟಾರ್ಚ್ ಸೆಲ್ಲುಗಳನ್ನು ಇಡುವ ಗೂಡು, ಒತ್ತಿದಾಗ ಮಾತ್ರ ಸಂಪರ್ಕ ಕೊಡುವ ಸ್ವಿಚ್, ಹೋಲ್ಡರ್ ಸಹಿತ ಒಂದು ಟಾರ್ಚ್ ಬಲ್ಬು, ಪ್ಲಾಸ್ಟಿಕ್ ಬಳೆಯ ಮೇಲೆ 20 ಸುತ್ತು ಸುತ್ತಿದ ಸುರುಳಿ, ಒಂದು ಡಬ್ಬಿ ಕಬ್ಬಿಣದ ಪುಡಿ, ರಟ್ಟಿನ ಹಾಳೆ ಮತ್ತು ಇಂಗ್ಲಿಷ್ ಹಾಗೂ ಹಿಂದಿಯಲ್ಲಿ ಅಚ್ಚಾದ ಸೂಚನಾ ಪತ್ರ ಇವೆ. ಸೆಲ್ಲುಗಳನ್ನು ನಾವೇ ತರಬೇಕು. ಹಲಗೆಯ ಕೆಲಸ ಅಚ್ಚುಕಟ್ಟಾಗಿದೆ, ಹಿತ್ತಾಳೆಯ ತಿರುಪುಗಳು ಸಡಿಲವಾಗುವುದಿಲ್ಲ, ಸ್ವಿಚ್ ಗಟ್ಟಿಯಾಗಿದೆ. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಪ್ರವಾಹ ಹರಿಯುವ ಸ್ವಿಚ್ಚನ್ನೇ ಆರಿಸಿಕೊಂಡವರಿಗೆ ಈ ಪ್ರಯೋಗದ ಅನುಭವವಿತ್ತು ಎನ್ನಬೇಕು. ಮಕ್ಕಳ ಕೈಯಲ್ಲಿ ಮಾಮೂಲಿ ಸ್ವಿಚ್ ಇದ್ದರೆ ಸೆಲ್ಲುಗಳು ಒಂದೇ ತರಗತಿಯಲ್ಲಿ ಬರಿದಾಗುತ್ತವೆ.

ಸೂಚನಾ ಪತ್ರದ ಚಿತ್ರದಲ್ಲಿ ಇರುವಂತೆಯೇ ಎಲ್ಲವನ್ನೂ ಜೋಡಿಸಿ ಮೊದಲ ದಿನ ಸ್ವಿಚ್ ಒತ್ತಿದಾಗ ಬಲ್ಬು ಚೆನ್ನಾಗಿ ಬೆಳಗಿತು, ಸೂಜಿ ಮಾತ್ರ ಹತ್ತು ಡಿಗ್ರಿಯ ಆಸುಪಾಸಿನಲ್ಲಿ ತಿರುಗಿ ನಿಂತಿತು. ಮುಂದಿನ ಬೆಂಚಿನ ಮಕ್ಕಳು ‘ತಿರುಗಿತು ಸಾರ್’ ಎಂದರು. ಹಿಂದಿನವರು ಎದ್ದು ನಿಂತು ನೋಡಿದರೂ ಅವರಿಗೆ ಏನೂ ಕಾಣಲಿಲ್ಲ. 42 ಮಕ್ಕಳ ತರಗತಿಯಲ್ಲಿ ಇದು ಸಣ್ಣ ಕೊರತೆಯಲ್ಲ.

ಇದಕ್ಕೆ ಕಾರಣ ಬಲ್ಬು. ಅದರ ಮೂಲಕ ಹರಿಯುವ ಪ್ರವಾಹ ಸುಮಾರು 0.3 ಆಂಪಿಯರ್ ಮಾತ್ರ. ಉದ್ದನೆಯ ನೇರ ತಂತಿಯಲ್ಲಿ 1 ಆಂಪಿಯರ್ ಪ್ರವಾಹವಿದ್ದರೆ ಅದರಿಂದ 1 ಸೆಂಟಿಮೀಟರ್ ದೂರದಲ್ಲಿ ಉಂಟಾಗುವ ಕಾಂತಕ್ಷೇತ್ರ 20 ಮೈಕ್ರೋಟೆಸ್ಲಾ (ಕಾಂತಕ್ಷೇತ್ರವನ್ನು ಅಳೆಯುವ ಮಾನ), 0.3 ಆಂಪಿಯರಿಗೆ ಅದು 6 ಮೈಕ್ರೋಟೆಸ್ಲಾ ಆಗುತ್ತದೆ. ಸೂಜಿಯನ್ನು ಉತ್ತರದ ಕಡೆಗೆ ಹಿಡಿದಿಟ್ಟಿರುವ ಭೂಮಿಯ ಕಾಂತಕ್ಷೇತ್ರದ ಅಡ್ಡಪಾಲು, ಅಂದರೆ ನೆಲಕ್ಕೆ ಸಮಾನಾಂತರವಾಗಿರುವ ಭಾಗ, ದಕ್ಷಿಣ ಕರ್ನಾಟಕದಲ್ಲಿ ಸುಮಾರು 40 ಮೈಕ್ರೋಟೆಸ್ಲಾ ಇದೆ. ಆರು ಮತ್ತು ನಲವತ್ತರ ನಡುವಿನ ಈ ಜಗ್ಗಾಟದಲ್ಲಿ ಸೂಜಿ ತಿರುಗಬೇಕಾದದ್ದು ಎಂಟೂವರೆ ಡಿಗ್ರಿ. ನನಗೆ ಹತ್ತರ ಮೇಲೆ ಬಂದಿತ್ತು. ಆ ಹೆಚ್ಚುವರಿ ಒಂದೆರಡು ಡಿಗ್ರಿಯನ್ನು ಅಳತೆಯ ತಪ್ಪೆಂದು ಅಂದು ಕಡೆಗಣಿಸಿದೆ. ಅದು ಅಳತೆಯ ತಪ್ಪಾಗಿರಲಿಲ್ಲ ಎಂಬುದು ಒಂದು ವಾರದ ನಂತರ ತಿಳಿಯಿತು. ಅದನ್ನು ಮುಂದೆ ಹೇಳುತ್ತೇನೆ.

ಬಲ್ಬನ್ನು ಮಂಡಲದಲ್ಲಿ ಸೇರಿಸಿದವರ ಉದ್ದೇಶ ಅರ್ಥವಾಗುತ್ತದೆ. ಪ್ರವಾಹ ಹರಿಯುತ್ತಿದೆ ಎಂಬುದು ಕಣ್ಣಿಗೆ ಕಾಣಬೇಕು, ಸೆಲ್ಲುಗಳು ಬೇಗ ಮುಗಿಯಬಾರದು. ಆದರೆ ಈ ಪ್ರಯೋಗಕ್ಕೆ ಬೆಳಕು ಬೇಕಿಲ್ಲ, ಪ್ರವಾಹ ಬೇಕು. 1820ರಲ್ಲಿ ಕೋಪನ್‌ಹೇಗನ್ನಿನಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಹಾನ್ಸ್ ಕ್ರಿಶ್ಚಿಯನ್ ಓರ್ಸ್ಟೆಡ್ ಉಪನ್ಯಾಸವೊಂದರಲ್ಲಿ ಇದನ್ನು ಮೊದಲ ಬಾರಿಗೆ ತೋರಿಸಿದಾಗ ಬಳಸಿದ್ದು ತೀರಾ ತೆಳುವಾದ ಪ್ಲಾಟಿನಂ ತಂತಿಯನ್ನು. ಸೂಜಿ ಅಲುಗಿತಾದರೂ ಆ ಚಲನೆ ದುರ್ಬಲವಾಗಿದ್ದುದರಿಂದ ಕೇಳುಗರ ಮೇಲೆ ಹೆಚ್ಚಿನ ಪರಿಣಾಮವಾಗಲಿಲ್ಲವೆಂದು ಅವರೇ ಮುಂದೆ ಬರೆದುಕೊಂಡಿದ್ದಾರೆ. ಬಳಿಕ 20 ತಾಮ್ರ–ಸತು ಕೋಶಗಳ ದೊಡ್ಡ ಬ್ಯಾಟರಿಯೊಂದಿಗೆ ಮತ್ತೆ ಪ್ರಯೋಗಗಳನ್ನು ಮಾಡಿ, 21 ಜುಲೈ 1820ರಂದು ಲ್ಯಾಟಿನ್ ಭಾಷೆಯಲ್ಲಿ ನಾಲ್ಕು ಪುಟಗಳ ಲೇಖನ ಪ್ರಕಟಿಸಿದರು. ತಂತಿ ದಪ್ಪವಾಗಿದ್ದು ಪ್ರವಾಹ ಹೆಚ್ಚಿದಷ್ಟೂ ಪರಿಣಾಮ ಹೆಚ್ಚೆಂಬುದು ಅವರಿಗೆ ಎರಡನೆಯ ಸುತ್ತಿನಲ್ಲಿ ಖಚಿತವಾಯಿತು. ನಮ್ಮ ಪೆಟ್ಟಿಗೆಯ ತಯಾರಕರು ದಪ್ಪ ತಾಮ್ರದ ತಂತಿಯನ್ನೇನೋ ಕೊಟ್ಟಿದ್ದಾರೆ. ಆದರೆ ಅದರ ಸಾಲಿನಲ್ಲೇ ಬಲ್ಬಿನೊಳಗಿನ ಕೂದಲೆಳೆಯಂಥ ತಂತಿಯನ್ನು ಕೂರಿಸಿ ಅದರ ಪ್ರಯೋಜನವನ್ನು ಕಸಿದುಕೊಂಡಿದ್ದಾರೆ.

ಬಲ್ಬನ್ನು ತೆಗೆದು, ಅದರ ಜಾಗದಲ್ಲಿ ಹಳೆಯ ವಿದ್ಯುತ್ ಒಲೆಯ ಕಾಯಿಲ್‌ನ ಒಂದು ತುಂಡನ್ನು ಹಾಕಿದೆ. 1000 ವಾಟ್ ಕಾಯಿಲ್‌ನ ರೋಧ ಸುಮಾರು 50 ಓಮ್ ಇರುವುದರಿಂದ, ಅದರ ಇಪ್ಪತ್ತೈದನೇ ಒಂದು ಭಾಗ ಕತ್ತರಿಸಿಕೊಂಡರೆ 2 ಓಮ್ ಆಗುತ್ತದೆ. ಕ್ಲಿಪ್ಪನ್ನು ಅದರ ಮೇಲೆ ಅತ್ತಿತ್ತ ಸರಿಸುತ್ತ, ಮಲ್ಟಿಮೀಟರಿನಲ್ಲಿ ನೋಡುತ್ತ ಪ್ರವಾಹವನ್ನು 1 ಆಂಪಿಯರಿಗೆ ತಂದು ನಿಲ್ಲಿಸಬಹುದು. ಈಗ ಸ್ವಿಚ್ ಒತ್ತಿದರೆ ಸೂಜಿ ಮೂವತ್ತು ಡಿಗ್ರಿಗೂ ಮೀರಿ ತಿರುಗಿ, ಎರಡು ಮೂರು ಬಾರಿ ತೂಗಾಡಿ ನಿಲ್ಲುತ್ತದೆ. ಈ ಬಾರಿ ಹಿಂದಿನ ಬೆಂಚಿನಿಂದಲೂ ಸದ್ದು ಬಂತು.

ಸೂಚನಾ ಪತ್ರದ ದೊಡ್ಡ ಲೋಪವೆಂದರೆ ಹಲಗೆಯನ್ನು ಯಾವ ದಿಕ್ಕಿಗೆ ಇಡಬೇಕೆಂದು ಹೇಳದಿರುವುದು. ತಂತಿ ಉತ್ತರ–ದಕ್ಷಿಣವಾಗಿ, ಅಂದರೆ ಪ್ರವಾಹವಿಲ್ಲದಾಗ ಸೂಜಿ ನಿಂತಿರುವ ದಿಕ್ಕಿಗೆ ಸಮಾನಾಂತರವಾಗಿ ಇರಬೇಕು. ತಂತಿಯನ್ನು ಪೂರ್ವ–ಪಶ್ಚಿಮವಾಗಿ ಇಟ್ಟರೆ ತಂತಿಯ ಕಾಂತಕ್ಷೇತ್ರವು ಸೂಜಿ ಇರುವ ಜಾಗದಲ್ಲಿ ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡುತ್ತದೆ. ಅದು ಉತ್ತರಕ್ಕಿದ್ದರೆ ಸೂಜಿ ಇದ್ದಲ್ಲೇ ಇನ್ನಷ್ಟು ಬಿಗಿಯಾಗಿ ನಿಲ್ಲುತ್ತದೆ. ದಕ್ಷಿಣಕ್ಕಿದ್ದು ಭೂಮಿಯ ಕ್ಷೇತ್ರವನ್ನು ಮೀರಿಸುವಷ್ಟು ಪ್ರಬಲವಾಗಿದ್ದರೆ ಮಾತ್ರ ಸೂಜಿ ಪೂರ್ತಿ ಹಿಂದುಮುಂದಾಗುತ್ತದೆ. ಈ ಒಂದು ಸಾಲು ಇಲ್ಲದ ಕಾರಣಕ್ಕೆ ಎಷ್ಟೋ ಶಾಲೆಗಳಲ್ಲಿ ಪೆಟ್ಟಿಗೆಯನ್ನು ಮೇಜಿನ ಉದ್ದಕ್ಕೆ ಇಟ್ಟು, ಸೂಜಿ ತಿರುಗದೆ, ‘ಕಿಟ್ ಕೆಟ್ಟಿದೆ’ ಎಂದು ಬೀರುವಿಗೆ ಸೇರಿಸಿರಬಹುದು ಎನಿಸುತ್ತದೆ. ನಾನು ಹಲಗೆಯ ಒಂದು ಅಂಚಿನಲ್ಲಿ ಮಾರ್ಕರ್ ಪೆನ್ನಿನಿಂದ ಒಂದು ಬಾಣ ಬರೆದು ‘ಉತ್ತರ’ ಎಂದು ಗುರುತು ಮಾಡಿದ್ದೇನೆ. ತಯಾರಕರು ಇದನ್ನು ಅಚ್ಚು ಹಾಕಿಯೇ ಕಳಿಸಬಹುದಿತ್ತು.

ಲೋಪಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಒಂದು ತಪ್ಪು. ‘ಪ್ರವಾಹ ಹರಿದಾಗ ತಂತಿಯು ಅಯಸ್ಕಾಂತವಾಗಿ ಸೂಜಿಯನ್ನು ತನ್ನತ್ತ ಸೆಳೆಯುತ್ತದೆ’ ಎಂಬರ್ಥದ ವಾಕ್ಯ ಆ ಪತ್ರದಲ್ಲಿದೆ. ಈ ಪ್ರಯೋಗದ ಜೀವಾಳವೇ ಸೂಜಿ ತಂತಿಯತ್ತ ಹೋಗುವುದಿಲ್ಲ, ತಂತಿಯಿಂದ ದೂರವೂ ಸರಿಯುವುದಿಲ್ಲ ಎಂಬುದು. ಅದು ಅಡ್ಡಕ್ಕೆ ತಿರುಗುತ್ತದೆ. ಅಲ್ಲಿಯವರೆಗೆ ತಿಳಿದಿದ್ದ ಬಲಗಳೆಲ್ಲ, ಭೂಮಿ ಚಂದ್ರನನ್ನು ಸೆಳೆಯುವುದಾಗಲಿ, ವಿದ್ಯುದಾವೇಶಗಳು ಪರಸ್ಪರ ಸೆಳೆಯುವುದು ಅಥವಾ ತಳ್ಳುವುದಾಗಲಿ, ಎರಡು ವಸ್ತುಗಳನ್ನು ಸೇರಿಸುವ ಗೆರೆಯ ಮೇಲೆಯೇ ಕೆಲಸ ಮಾಡುತ್ತಿದ್ದವು. ಇಲ್ಲಿ ಮೊದಲ ಬಾರಿಗೆ, ತಂತಿಯ ಸುತ್ತ ಬಳೆಯಂತೆ ಸುತ್ತುವ ಪ್ರಭಾವವೊಂದು ಕಂಡಿತು. ದಿಕ್ಸೂಚಿಯನ್ನು ತಂತಿಯ ಕೆಳಗಿನಿಂದ ಮೇಲಕ್ಕೆ ತಂದರೆ ಸೂಜಿ ವಿರುದ್ಧ ದಿಕ್ಕಿಗೆ ತಿರುಗುವುದಕ್ಕೂ ಕಾರಣ ಇದೇ. ಪ್ರವಾಹ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತಿದ್ದು ತಂತಿ ಮೇಲಿದ್ದರೆ ಸೂಜಿಯ ಉತ್ತರ ತುದಿ ಪಶ್ಚಿಮಕ್ಕೆ ತಿರುಗುತ್ತದೆ. ತಂತಿ ಕೆಳಗಿದ್ದರೆ ಪೂರ್ವಕ್ಕೆ. ಪರೀಕ್ಷೆಗೆಂದು ಬಾಯಿಪಾಠ ಮಾಡುವ ಬಲಗೈ ಹೆಬ್ಬೆರಳಿನ ನಿಯಮ ಹೇಳುವುದು ಇದನ್ನೇ: ಹೆಬ್ಬೆರಳನ್ನು ಪ್ರವಾಹದ ದಿಕ್ಕಿಗೆ ಚಾಚಿ ತಂತಿಯನ್ನು ಹಿಡಿದಂತೆ ಊಹಿಸಿಕೊಂಡರೆ ಉಳಿದ ಬೆರಳುಗಳು ಮಡಿಚಿಕೊಳ್ಳುವ ಕಡೆಗೆ ಬಲರೇಖೆಗಳು ಸುತ್ತುತ್ತವೆ. ‘ಸೆಳೆಯುತ್ತದೆ’ ಎಂಬ ಒಂದು ಪದ ಮಗುವಿನ ತಲೆಯಲ್ಲಿ ಕೂತರೆ ಆ ನಿಯಮಕ್ಕೆ ಅರ್ಥವೇ ಉಳಿಯುವುದಿಲ್ಲ. ಪೆಟ್ಟಿಗೆ ಕೊಂಡವರು ದಯವಿಟ್ಟು ಆ ವಾಕ್ಯದ ಮೇಲೆ ಗೆರೆ ಎಳೆಯಿರಿ.

ಈಗ ಹೆಚ್ಚುವರಿ ಡಿಗ್ರಿಗಳ ವಿಷಯ. ದೂರ ಎರಡರಷ್ಟಾದರೆ ಕ್ಷೇತ್ರ ಅರ್ಧವಾಗುತ್ತದೆ, ಮೂರರಷ್ಟಾದರೆ ಮೂರನೇ ಒಂದು ಭಾಗವಾಗುತ್ತದೆ ಎಂದು ಕಪ್ಪು ಹಲಗೆಯ ಮೇಲೆ ಬರೆದು, ಅದನ್ನು ಮಕ್ಕಳೇ ಅಳೆದು ನೋಡಲೆಂದು 1 ಆಂಪಿಯರ್ ಪ್ರವಾಹದಲ್ಲಿ ತಂತಿಯನ್ನು ಮೂರು ಕಚ್ಚುಗಳಲ್ಲೂ ಇಟ್ಟು ವಿಚಲನೆಯ ಕೋನಗಳನ್ನು ಬರೆಸಿದೆ. ಲೆಕ್ಕದ ಪ್ರಕಾರ ಸುಮಾರು 26, 14 ಮತ್ತು 9 ಡಿಗ್ರಿ ಬರಬೇಕು. ಬಂದದ್ದು 33, 22 ಮತ್ತು 18. ಅಳತೆಯಲ್ಲಿ ಎರಡು ಡಿಗ್ರಿ ಆಚೀಚೆ ಆಗುವುದು ಸಹಜ, ಇಷ್ಟು ಆಗುವುದಿಲ್ಲ. ತಂತಿಯನ್ನು ಮೇಲೆತ್ತಿದಷ್ಟೂ ವ್ಯತ್ಯಾಸ ಹೆಚ್ಚುತ್ತ ಹೋಗುತ್ತಿತ್ತು, ಮೂರನೆಯ ಕಚ್ಚಿನಲ್ಲಿ ಉತ್ತರ ಎರಡರಷ್ಟು ಬಂದಿತ್ತು. ತಂತಿಯನ್ನು ದೂರ ಮಾಡಿದರೂ ಸೂಜಿ ಮಾತು ಕೇಳುತ್ತಿಲ್ಲ ಎಂದರೆ ಸೂಜಿಯ ಮೇಲೆ ಬೇರೆ ಯಾವುದೋ ಒಂದು ಪ್ರಭಾವ ಬದಲಾಗದೆ ಇದೆ ಎಂದು ಅರ್ಥ. ಇದನ್ನು ನಾನು ಹೇಳುವ ಮೊದಲೇ ಒಬ್ಬ ವಿದ್ಯಾರ್ಥಿನಿ ಹಲಗೆಯನ್ನು ತಲೆಕೆಳಗು ಮಾಡಿ, ‘ಸಾರ್, ಇಲ್ಲೊಂದು ತಂತಿ ಇದೆ’ ಎಂದಳು.

ಹಲಗೆಯ ತಳದಲ್ಲಿ ಕಿರಿದಾದ ಕಾಲುವೆಯಂತೆ ಕೊರೆದು, ದೂರದ ಕಂಬದಿಂದ ಸ್ವಿಚ್ಚಿಗೆ ಮರಳುವ ತಂತಿಯನ್ನು ಅದರೊಳಗೆ ಅಂಟಿಸಿ ಮುಚ್ಚಿದ್ದಾರೆ. ನೋಡಲು ಅಂದ. ಆದರೆ ಆ ತಂತಿ ಸೂಜಿಗೆ ನೇರವಾಗಿ ಕೆಳಗೆ, ಸುಮಾರು 3 ಸೆಂಟಿಮೀಟರ್ ಆಳದಲ್ಲಿ ಹಾದುಹೋಗುತ್ತದೆ, ಮತ್ತು ಅದರಲ್ಲಿ ಅದೇ 1 ಆಂಪಿಯರ್ ಪ್ರವಾಹ ವಿರುದ್ಧ ದಿಕ್ಕಿನಲ್ಲಿ ಹರಿಯುತ್ತದೆ. ವಿರುದ್ಧ ದಿಕ್ಕಿನ ಪ್ರವಾಹಗಳಾದ್ದರಿಂದ ಪರಿಣಾಮಗಳು ಒಂದನ್ನೊಂದು ಕಳೆದುಕೊಳ್ಳಬೇಕಲ್ಲವೆ ಎಂದು ಮಕ್ಕಳು ಕೇಳಿದರು. ಇಲ್ಲ, ಒಂದು ಮೇಲಿದೆ, ಇನ್ನೊಂದು ಕೆಳಗಿದೆ. ಪ್ರವಾಹದ ದಿಕ್ಕು ಬದಲಾಗಿದೆ, ಸೂಜಿ ತಂತಿಯ ಯಾವ ಮಗ್ಗುಲಿಗಿದೆ ಎಂಬುದೂ ಬದಲಾಗಿದೆ. ಎರಡು ಬದಲಾವಣೆಗಳು ಸೇರಿ ಕ್ಷೇತ್ರದ ದಿಕ್ಕು ಮೊದಲಿನದೇ ಆಗುತ್ತದೆ. ಆದ್ದರಿಂದ ಕೆಳಗಿನ ತಂತಿ ಪ್ರತಿ ಬಾರಿಯೂ ಸುಮಾರು 6.7 ಮೈಕ್ರೋಟೆಸ್ಲಾವನ್ನು ಮೇಲಿನ ತಂತಿಯ ಪಾಲಿಗೆ ಕೂಡಿಸುತ್ತಿತ್ತು. ಇದನ್ನು ಸೇರಿಸಿ ಲೆಕ್ಕ ಹಾಕಿದಾಗ 33.7, 22.6 ಮತ್ತು 18.4 ಡಿಗ್ರಿ ಬಂತು. ನಮ್ಮ ಅಳತೆಗೂ ಇದಕ್ಕೂ ಒಂದು ಡಿಗ್ರಿಯೂ ವ್ಯತ್ಯಾಸವಿರಲಿಲ್ಲ. ಆ ದಿನದ ತರಗತಿಯನ್ನು ನಾನು ಮರೆಯಲಾರೆ.

ಅಂಟನ್ನು ಚಾಕುವಿನಿಂದ ಬಿಡಿಸಿ ಆ ತಂತಿಯನ್ನು ಹೊರಗೆ ತೆಗೆದು, ಅದರ ಬದಲು ಒಂದು ಮೀಟರ್ ಉದ್ದದ ತಂತಿಯನ್ನು ಹಾಕಿ ಮೇಜಿನ ಆಚೆಯ ಅಂಚಿನವರೆಗೆ ದೂರ ಒಯ್ದು ಸುತ್ತಿಸಿ ತಂದ ಮೇಲೆ ಕೋನಗಳು 26, 14, 9ಕ್ಕೆ ಇಳಿದವು. ಹೀಗೆ ಮಾಡುವುದರಿಂದ ಸೂಜಿ ತಿರುಗುವುದು ಕೊಂಚ ಕಡಿಮೆಯಾಗುತ್ತದೆ, ಆದರೆ ಅಳತೆ ನಂಬಿಕೆಗೆ ಅರ್ಹವಾಗುತ್ತದೆ. ಸೂಜಿ ತಿರುಗುವುದನ್ನು ತೋರಿಸಿದರೆ ಸಾಕೆನ್ನುವವರಿಗೆ ಆ ತಂತಿ ಇದ್ದರೂ ನಡೆಯುತ್ತದೆ. ಆದರೆ ಮೂರು ಎತ್ತರಗಳ ಕಚ್ಚುಗಳನ್ನು ಕೊರೆದು, ದೂರವನ್ನು ಬದಲಿಸಿ ಅಳೆಯಿರಿ ಎಂದು ಆಹ್ವಾನ ಕೊಟ್ಟ ಪೆಟ್ಟಿಗೆಯಲ್ಲಿ, ಆ ಅಳತೆಯನ್ನೇ ಕೆಡಿಸುವ ತಂತಿಯನ್ನು ಕಣ್ಣಿಗೆ ಕಾಣದಂತೆ ಮುಚ್ಚಿಡುವುದು ಒಪ್ಪತಕ್ಕದ್ದಲ್ಲ.

ಇಲ್ಲಿ ಇನ್ನೊಂದು ಮಾತನ್ನು ಸೇರಿಸಬೇಕು. ಯುರೋಪಿನ ಪ್ರಯೋಗ ಪುಸ್ತಕಗಳಲ್ಲಿ ಕಾಣುವ ಕೋನಗಳು ನಮ್ಮಲ್ಲಿ ಬರುವುದಿಲ್ಲ ಎಂದು ಯಾರೂ ಎದೆಗುಂದಬೇಕಾಗಿಲ್ಲ. ಓರ್ಸ್ಟೆಡ್ ಅವರ ಕೋಪನ್‌ಹೇಗನ್ನಿನಲ್ಲಿ ಭೂಮಿಯ ಬಲರೇಖೆಗಳು ಕಡಿದಾಗಿ ನೆಲದೊಳಕ್ಕೆ ಇಳಿಯುವುದರಿಂದ, ಸೂಜಿಯನ್ನು ಉತ್ತರಕ್ಕೆ ಹಿಡಿದಿಡುವ ಅಡ್ಡಪಾಲು ನಮ್ಮದರ ಅರ್ಧಕ್ಕಿಂತ ಕಡಿಮೆ. ಇಲ್ಲಿ 26 ಡಿಗ್ರಿ ತಿರುಗಿಸುವ ಪ್ರವಾಹ ಅಲ್ಲಿ ಐವತ್ತು ಡಿಗ್ರಿಯ ಹತ್ತಿರಕ್ಕೆ ತಿರುಗಿಸುತ್ತದೆ. ದಕ್ಷಿಣ ಭಾರತದಲ್ಲಿ ಬಲರೇಖೆಗಳು ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿರುವುದು ನಮಗೆ ಒಂದು ರೀತಿಯಲ್ಲಿ ತೊಡಕು, ಇನ್ನೊಂದು ರೀತಿಯಲ್ಲಿ ಅನುಕೂಲ: ಸೂಜಿ ಒಂದು ಕಡೆಗೆ ವಾಲಿ ಗಾಜಿಗೆ ತಾಗುವ ಕಾಟ ನಮ್ಮಲ್ಲಿ ಕಡಿಮೆ.

ದಿಕ್ಸೂಚಿಗಳ ಗುಣಮಟ್ಟದ ಬಗ್ಗೆ ನನಗೆ ಮಿಶ್ರ ಅಭಿಪ್ರಾಯವಿದೆ. ನಾಲ್ಕರಲ್ಲಿ ಮೂರು ಚೆನ್ನಾಗಿ ತಿರುಗುತ್ತವೆ. ಒಂದು ಗೂಟಕ್ಕೆ ಅಂಟಿಕೊಂಡು, ಬೆರಳಿನಿಂದ ತಟ್ಟಿದಾಗ ಮಾತ್ರ ಅಲುಗುತ್ತದೆ. ಚೆನ್ನಾಗಿರುವ ಮೂರರಲ್ಲಿ ಒಂದರ ಕೆಂಪು ತುದಿ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲುತ್ತಿತ್ತು. ಅಗ್ಗದ ದಿಕ್ಸೂಚಿಗಳನ್ನು ಗೋದಾಮಿನಲ್ಲಿ ಅಯಸ್ಕಾಂತಗಳ ಪಕ್ಕದಲ್ಲಿ ಇಟ್ಟರೆ ಸೂಜಿಯ ಧ್ರುವಗಳು ಅದಲುಬದಲಾಗುತ್ತವೆ. ಮಕ್ಕಳ ಕೈಗೆ ಕೊಡುವ ಮೊದಲು ನಾಲ್ಕನ್ನೂ ದೂರದೂರ ಇಟ್ಟು, ಎಲ್ಲದರ ಕೆಂಪು ತುದಿಯೂ ಒಂದೇ ಕಡೆಗಿದೆಯೇ ಎಂದು ನೋಡುವುದು ಒಳ್ಳೆಯದು. ಸರಿಪಡಿಸುವುದು ಕಷ್ಟವಲ್ಲ: ಬಲವಾದ ಪಟ್ಟಿ ಅಯಸ್ಕಾಂತದ ದಕ್ಷಿಣ ಧ್ರುವವನ್ನು ಗಾಜಿನ ಮೇಲೆ ಸೂಜಿಯ ನಡುವಿನಿಂದ ಕೆಂಪು ತುದಿಯ ಕಡೆಗೆ ಸವರಿ ದೂರ ಎತ್ತಬೇಕು, ಕೆಲವು ಬಾರಿ ಹೀಗೆ ಮಾಡಿದರೆ ಕೆಂಪು ತುದಿ ಮತ್ತೆ ಉತ್ತರ ಧ್ರುವವಾಗುತ್ತದೆ. ಅಂಟಿಕೊಳ್ಳುತ್ತಿದ್ದ ದಿಕ್ಸೂಚಿಯ ಬಗ್ಗೆ ಅಂಗಡಿಯವರಿಗೆ ಫೋನ್ ಮಾಡಿದಾಗ ಅವರು ಮರ್ಯಾದೆಯಿಂದ ಮಾತನಾಡಿ ಹತ್ತು ದಿನಗಳಲ್ಲಿ ಬೇರೆಯದನ್ನು ಕಳಿಸಿಕೊಟ್ಟರು. ಅದನ್ನು ಇಲ್ಲಿ ಸಂತೋಷದಿಂದ ದಾಖಲಿಸುತ್ತೇನೆ.

ದಿಕ್ಸೂಚಿ ಚಿಕ್ಕದು ಎಂಬ ದೂರು ಹಲವು ಶಿಕ್ಷಕರಲ್ಲಿದೆ. ದೊಡ್ಡ ಸೂಜಿ ಬೇಕೆಂದು ಬಯಸುವುದು ಸಹಜವಾದರೂ ಅದು ಸರಿಯಾದ ಪರಿಹಾರವಲ್ಲ. ಸೂಜಿಯ ಅಯಸ್ಕಾಂತ ಎಷ್ಟು ಪ್ರಬಲ ಎಂಬುದರ ಮೇಲೆ ವಿಚಲನೆಯ ಕೋನ ನಿಂತಿಲ್ಲ. ಭೂಮಿಯೂ ತಂತಿಯೂ ಅದೇ ಸೂಜಿಯನ್ನು ಎಳೆಯುವುದರಿಂದ ಆ ಅಂಶ ಎರಡೂ ಕಡೆ ಸಮನಾಗಿ ಬಂದು ಹೊಡೆದುಹೋಗುತ್ತದೆ. ಸೂಜಿ ಉದ್ದವಾದರೆ ತಿರುಗಿದಾಗ ಅದರ ತುದಿಗಳು ತಂತಿಯಿಂದ ದೂರ ಸರಿದು, ಅಲ್ಲಿನ ದುರ್ಬಲ ಕ್ಷೇತ್ರಕ್ಕೆ ಸಿಕ್ಕಿ ಲೆಕ್ಕ ತಪ್ಪುತ್ತದೆ. ಸೂಜಿ ತಿರುಗಿದ ಕೋನದಿಂದ ಪ್ರವಾಹವನ್ನು ಅಳೆಯಲು ಕಾಲೇಜುಗಳ ಪ್ರಯೋಗಾಲಯದಲ್ಲಿದ್ದ ಟ್ಯಾಂಜೆಂಟ್ ಗ್ಯಾಲ್ವನೋಮೀಟರಿನಲ್ಲಿ ಚಿಕ್ಕ ಸೂಜಿಗೆ ಉದ್ದನೆಯ ಹಗುರವಾದ ಮುಳ್ಳನ್ನು ಜೋಡಿಸಿರುತ್ತಿದ್ದುದು ಇದಕ್ಕಾಗಿಯೇ. ನಾನು ಒಂದು ದಿಕ್ಸೂಚಿಯ ಗಾಜನ್ನು ತೆಗೆದು, ತೆಂಗಿನ ಕಡ್ಡಿಯ ನವಿರಾದ ಸೀಳೊಂದನ್ನು ಸೂಜಿಗೆ ಅಡ್ಡಲಾಗಿ, ತೂಕ ಸರಿಹೊಂದುವಂತೆ ಅಂಟಿಸಿ, ಅದರ ತುದಿಗೆ ಕೆಂಪು ಕಾಗದದ ಚೂರು ಸಿಕ್ಕಿಸಿದ್ದೇನೆ. ಈಗ ಕೊನೆಯ ಬೆಂಚಿನವರೂ ಕೂತಲ್ಲಿಂದಲೇ ನೋಡುತ್ತಾರೆ.

ಎಲ್ಲಿ ಇಟ್ಟು ಪ್ರಯೋಗ ಮಾಡುತ್ತೇವೆ ಎಂಬುದೂ ಮುಖ್ಯ. ನಮ್ಮ ತರಗತಿಯ ಬೆಂಚುಗಳಿಗೆ ಕಬ್ಬಿಣದ ಕಾಲುಗಳಿವೆ; ಅವುಗಳ ಮೇಲೆ ಇಟ್ಟಾಗ ಸೂಜಿ ಒಂದೊಂದು ಕಡೆ ಒಂದೊಂದು ‘ಉತ್ತರ’ ತೋರಿಸಿತು. ಮುಖ್ಯೋಪಾಧ್ಯಾಯರ ಕೊಠಡಿಯ ಹಳೆಯ ಮರದ ಮೇಜನ್ನು ತಂದು ಅದರ ಮೇಲೆ ಮಾಡಿದೆವು. ಮೊಬೈಲ್ ಫೋನನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಬಗ್ಗಿ ನೋಡಿದರೂ ಅದರ ಸ್ಪೀಕರಿನ ಅಯಸ್ಕಾಂತಕ್ಕೆ ಸೂಜಿ ಓಗೊಡುತ್ತದೆ. ಓರ್ಸ್ಟೆಡ್ ತಂತಿಗೂ ಸೂಜಿಗೂ ನಡುವೆ ಗಾಜು, ಮರ, ಲೋಹ, ನೀರು, ಕಲ್ಲು ಮುಂತಾದವನ್ನು ಇಟ್ಟು ನೋಡಿ, ಅವುಗಳನ್ನು ದಾಟಿಯೂ ಪರಿಣಾಮ ಉಳಿಯುವುದನ್ನು ಕಂಡಿದ್ದರು. ನಾವೂ ಸ್ಲೇಟು, ಗಾಜಿನ ಚೂರು, ಅಲ್ಯೂಮಿನಿಯಂ ತಟ್ಟೆಗಳನ್ನು ಒಂದೊಂದಾಗಿ ನಡುವೆ ತೂರಿಸಿ ನೋಡಿದೆವು. ಸೂಜಿಗೆ ಯಾವುದೂ ಅಡ್ಡಿಯಾಗಲಿಲ್ಲ. ಕಬ್ಬಿಣದ ತಗಡು ಇಟ್ಟ ಕೂಡಲೇ ಎಲ್ಲ ಏರುಪೇರಾಯಿತು. ಇದಕ್ಕೆ ಹಣ ಖರ್ಚಿಲ್ಲ, ಸೂಚನಾ ಪತ್ರದಲ್ಲಿ ಇದರ ಪ್ರಸ್ತಾಪವೂ ಇಲ್ಲ.

ಕಬ್ಬಿಣದ ಪುಡಿಯಿಂದ ವೃತ್ತಾಕಾರದ ಬಲರೇಖೆಗಳನ್ನು ನೋಡಬಹುದು ಎಂಬ ಭರವಸೆ ಮಾತ್ರ ಪೊಳ್ಳು. ಒಂದೇ ಎಳೆಯ ತಂತಿಯಲ್ಲಿ ಎರಡು ಸೆಲ್ಲುಗಳು ಹರಿಸಬಲ್ಲ ಒಂದೆರಡು ಆಂಪಿಯರಿಗೆ ಕಬ್ಬಿಣದ ಪುಡಿ ಮಿಸುಕುವುದಿಲ್ಲ. ರಟ್ಟನ್ನು ಎಷ್ಟು ತಟ್ಟಿದರೂ ಪುಡಿ ಪುಡಿಯಾಗಿಯೇ ಉಳಿಯುತ್ತದೆ. ಪ್ರವಾಹ ಹೆಚ್ಚಿಸಲು ಸಾಧ್ಯವಿಲ್ಲದಿದ್ದರೆ ತಂತಿಯ ಎಳೆಗಳನ್ನು ಹೆಚ್ಚಿಸಬೇಕು. ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವ ಅಂಗಡಿ ನಮ್ಮ ಕಡೆ ಪ್ರತಿ ಪೇಟೆಯಲ್ಲೂ ಇದೆ. ಅಲ್ಲಿಂದ 16 ಮೀಟರ್ ಎನಾಮಲ್ ತಂತಿ ತಂದು 40 ಸುತ್ತಿನ ಚೌಕವಾಗಿ ಸುತ್ತಿ, ಅದರ ಒಂದು ಮಗ್ಗುಲು ರಟ್ಟಿನ ತೂತಿನ ಮೂಲಕ ನೆಟ್ಟಗೆ ಹಾದುಹೋಗುವಂತೆ ಕಟ್ಟಿದೆ. ತಂತಿಯ ತುದಿಗಳನ್ನು ಉಪ್ಪುಕಾಗದದಿಂದ ಉಜ್ಜಿ ಲೇಪವನ್ನು ತೆಗೆಯದಿದ್ದರೆ ಪ್ರವಾಹ ಹರಿಯುವುದಿಲ್ಲ. ಒಂದೂವರೆ ಆಂಪಿಯರ್ ನಲವತ್ತು ಬಾರಿ ಒಂದೇ ದಿಕ್ಕಿನಲ್ಲಿ ಹಾದುಹೋದರೆ ಅದು 60 ಆಂಪಿಯರ್ ಹರಿದುದಕ್ಕೆ ಸಮ. ಪುಡಿ ಉಂಗುರ ಉಂಗುರವಾಗಿ ಜೋಡಿಸಿಕೊಂಡಿತು. ಮಗ್ಗಿ ಗೊತ್ತಿರುವ ಯಾವ ಮಗುವಿಗೂ ಈ ವಿವರಣೆ ಅರ್ಥವಾಗುತ್ತದೆ.

ಪೆಟ್ಟಿಗೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು, ಪತ್ರದಲ್ಲಿ ಎರಡೇ ಸಾಲಿನ ವಿವರಣೆ ಪಡೆದಿರುವ 20 ಸುತ್ತಿನ ಸುರುಳಿ. ಅದನ್ನು ಉತ್ತರ–ದಕ್ಷಿಣ ಸಮತಲದಲ್ಲಿ ನೆಟ್ಟಗೆ ನಿಲ್ಲಿಸಿ ನಡುವೆ ದಿಕ್ಸೂಚಿ ಇಟ್ಟರೆ, ಕೇವಲ 0.1 ಆಂಪಿಯರ್ ಪ್ರವಾಹಕ್ಕೇ ಸೂಜಿ 38 ಡಿಗ್ರಿಯಷ್ಟು ತಿರುಗುತ್ತದೆ. ಇಲ್ಲಿ ಬಲ್ಬು ಸರಿಯಾದ ಜಾಗಕ್ಕೆ ಬರುತ್ತದೆ. ಬಲ್ಬನ್ನು ಬೆಳಗಿಸಲಾಗದಷ್ಟು ಸೋತುಹೋದ ಹಳೆಯ ಸೆಲ್ಲೊಂದನ್ನು ಬಲ್ಬಿನೊಂದಿಗೆ ಸುರುಳಿಗೆ ಸೇರಿಸಿದಾಗ ಬಲ್ಬು ಕತ್ತಲಾಗಿಯೇ ಇತ್ತು, ಸೂಜಿ ಮಾತ್ರ ಸ್ಪಷ್ಟವಾಗಿ ತಿರುಗಿತು. ಬೆಳಕಿಲ್ಲದಿದ್ದರೂ ಪ್ರವಾಹವಿದೆ ಎಂಬುದನ್ನು ಕಂಡ ಮಕ್ಕಳಿಗೆ, ಪ್ರವಾಹವನ್ನು ಅಳೆಯುವ ಮೀಟರ್ ಹೇಗೆ ಹುಟ್ಟಿತೆಂದು ಬೇರೆ ಪಾಠ ಮಾಡಬೇಕಾಗಲಿಲ್ಲ. ಓರ್ಸ್ಟೆಡ್ ಅವರ ಲೇಖನ ಹೊರಬಂದ ಅದೇ ವರ್ಷ ಜರ್ಮನಿಯ ಹಾಲೆ ನಗರದಲ್ಲಿ ಶ್ವೈಗರ್ ಎಂಬ ವಿಜ್ಞಾನಿ ಹೀಗೆಯೇ ತಂತಿಯನ್ನು ಸೂಜಿಯ ಸುತ್ತ ಹಲವು ಬಾರಿ ಸುತ್ತಿ ಪರಿಣಾಮವನ್ನು ಹೆಚ್ಚಿಸುವ ಸಾಧನವನ್ನು ಮಾಡಿದರು; ಪ್ಯಾರಿಸ್ಸಿನಲ್ಲಿ ವಿಜ್ಞಾನಿ ಆಂಪಿಯರ್ ಅವರು ಸುದ್ದಿ ತಲುಪಿದ ಸೆಪ್ಟೆಂಬರ್ ತಿಂಗಳಿನಲ್ಲೇ, ಪ್ರವಾಹವಿರುವ ಎರಡು ತಂತಿಗಳು ಒಂದರ ಮೇಲೊಂದು ಬಲ ಬೀರುವುದನ್ನು ತೋರಿಸಿದರು. ಸುರುಳಿಯನ್ನು ಇನ್ನಷ್ಟು ವಿವರವಾಗಿ ಬಳಸಿಕೊಳ್ಳುವ ಐದಾರು ಪ್ರಯೋಗಗಳನ್ನು ಪತ್ರದಲ್ಲಿ ಸೇರಿಸಿದ್ದರೆ ಈ ಪೆಟ್ಟಿಗೆಯ ಮೌಲ್ಯ ಇಮ್ಮಡಿಯಾಗುತ್ತಿತ್ತು.

ಸುರಕ್ಷತೆಯ ಬಗ್ಗೆ ಪತ್ರದಲ್ಲಿರುವ ಮಾತು ಸಾಲದು. ಎರಡು ಟಾರ್ಚ್ ಸೆಲ್ಲುಗಳಿಂದ ಅಪಾಯವಿಲ್ಲ. ಹೆಚ್ಚೆಂದರೆ ತಂತಿ ಬೆಚ್ಚಗಾಗುತ್ತದೆ, ಒಲೆಯ ಕಾಯಿಲ್ ತುಂಡು ಬೆರಳಿಗೆ ಚುರುಕ್ಕೆನ್ನುವಷ್ಟು ಬಿಸಿಯಾಗಬಹುದು. ಆದರೆ ಹೆಚ್ಚು ಪ್ರವಾಹ ಬೇಕೆಂಬ ಉತ್ಸಾಹದಲ್ಲಿ ಬೈಕಿನ ಬ್ಯಾಟರಿಯನ್ನೋ ಲಿಥಿಯಂ ಸೆಲ್ಲನ್ನೋ ಈ ದಪ್ಪ ತಂತಿಗೆ ನೇರವಾಗಿ ಜೋಡಿಸಿದರೆ ತಂತಿ ಕೆಂಪಗೆ ಕಾದು ಕೈ ಸುಡುತ್ತದೆ, ಬ್ಯಾಟರಿ ಸಿಡಿಯಲೂಬಹುದು. ಮನೆಯ ಪ್ಲಗ್ಗಿನ ವಿದ್ಯುತ್ತಂತೂ ಇಲ್ಲಿ ಬರಲೇಕೂಡದು. ಅದರಿಂದ ಪ್ರಾಣಾಪಾಯವಿದೆ, ಮೇಲಾಗಿ ಸೆಕೆಂಡಿಗೆ 50 ಬಾರಿ ಹಿಂದುಮುಂದಾಗುವ ಆ ಪ್ರವಾಹಕ್ಕೆ ಸೂಜಿ ಯಾವ ಕಡೆಗೂ ತಿರುಗಿ ನಿಲ್ಲುವುದಿಲ್ಲ.

ಒಟ್ಟಿನಲ್ಲಿ, 780 ರೂಪಾಯಿ ಕೊಡಬಹುದೆ ಎಂದು ಕೇಳಿದರೆ ಶಾಲೆಗೆ ಕೊಡಬಹುದು ಎನ್ನುತ್ತೇನೆ, ಮನೆಯ ಒಂದು ಮಗುವಿಗೆ ಬೇಡ ಎನ್ನುತ್ತೇನೆ. ಮನೆಗೆ ಒಂದು ಒಳ್ಳೆಯ ದಿಕ್ಸೂಚಿ, ಎರಡು ಸೆಲ್ಲು, ರಿವೈಂಡಿಂಗ್ ಅಂಗಡಿಯ ನಾಲ್ಕು ಮೀಟರ್ ತಂತಿ ಸಾಕು. ಎಲ್ಲ ಸೇರಿ ಇದರ ಕಾಲುಭಾಗದ ಖರ್ಚಿನಲ್ಲಿ ಮುಗಿಯುತ್ತದೆ. ಶಾಲೆಗೆ ಬೇಕಾದದ್ದು ಅಲುಗದ ಹಲಗೆ, ಒಂದೇ ಎತ್ತರದಲ್ಲಿ ನಿಲ್ಲುವ ತಂತಿ, ವರ್ಷಗಟ್ಟಲೆ ಬಾಳುವ ಸ್ವಿಚ್ ಮತ್ತು ಆ ಸುರುಳಿ. ಅವು ಈ ಪೆಟ್ಟಿಗೆಯಲ್ಲಿ ಚೆನ್ನಾಗಿವೆ. ತರಿಸಿಕೊಂಡ ದಿನವೇ ತಳದ ತಂತಿಯನ್ನು ಬಿಡಿಸಿ ದೂರಕ್ಕೆ ಒಯ್ಯಿರಿ, ಬಲ್ಬಿನ ಬದಲು ಕಾಯಿಲ್ ತುಂಡು ಹಾಕಿ, ಹಲಗೆಯ ಮೇಲೆ ಉತ್ತರದ ಬಾಣ ಬರೆಯಿರಿ. ತಳದ ತಂತಿಯ ಬಗ್ಗೆ ಮಾತ್ರ, ಅದನ್ನು ಬಿಡಿಸುವ ಮೊದಲು ಮಕ್ಕಳಿಂದ ಒಮ್ಮೆ ಮೂರು ಎತ್ತರಗಳ ಕೋನಗಳನ್ನು ಅಳೆಸಿ ಬರೆಸಿಕೊಳ್ಳಿ. ಹಲಗೆಯನ್ನು ತಲೆಕೆಳಗು ಮಾಡುವ ಕೆಲಸವನ್ನು ಅವರಿಗೇ ಬಿಡಿ.